ತಿಥಿ ನೋಡಿ ಟಿಕೆಟ್ ಮಾಡಿ

ಮೈಸೂರಿನ ಜಂಬೂಸವಾರಿ 2023ರಲ್ಲಿ ಅಕ್ಟೋಬರ್ 24ಕ್ಕೆ ನಡೆಯಿತು. ಮರುವರ್ಷ ಅದು 12ಕ್ಕೆ ಬಂತು. 2025ರಲ್ಲಿ 2ನೇ ತಾರೀಖಿಗೇ ಮುಗಿದುಹೋಯಿತು. ಉಡುಪಿಯ ಅಷ್ಟಮಿಯ ಲೆಕ್ಕ ಇನ್ನೂ ಬೇರೆ. 2025ರಲ್ಲಿ ದೇಶದ ಬಹುಭಾಗ ಆಗಸ್ಟ್ 16ರಂದು ಕೃಷ್ಣ ಜನ್ಮಾಷ್ಟಮಿ ಮಾಡಿದರೆ, ಉಡುಪಿ ಕೃಷ್ಣಮಠದಲ್ಲಿ ಅಷ್ಟಮಿ ಬಂದದ್ದು ಸೆಪ್ಟೆಂಬರ್ 14ಕ್ಕೆ, ಮೊಸರುಕುಡಿಕೆ ಒಡೆಯುವ ವಿಟ್ಲಪಿಂಡಿ ಅದರ ಮರುದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರ ನೋಡಿ ಆಗಸ್ಟ್‌ನಲ್ಲೇ ರಥಬೀದಿಗೆ ಬಂದಿಳಿದವರಿಗೆ ಮೊಸರುಕುಡಿಕೆಯೂ ಇಲ್ಲ, ಹುಲಿವೇಷವೂ ಇಲ್ಲ.

ಊರು ಮೊದಲು ಆರಿಸಿ, ಆಮೇಲೆ ರಜೆ ಹೊಂದಿಸಿಕೊಳ್ಳುವುದು ಸಾಮಾನ್ಯ ರೂಢಿ. ಬೆಟ್ಟ, ಕಡಲು, ಜಲಪಾತಕ್ಕೆ ಇದು ನಡೆದೀತು. ಜನರ ಬದುಕು, ಕಲೆ, ಆಚರಣೆ ನೋಡಬೇಕೆಂದು ಹೊರಡುವವರು ಮಾತ್ರ ಈ ಕ್ರಮವನ್ನು ಬದಲಿಸಿಕೊಳ್ಳಬೇಕು. ಕೈಯಲ್ಲಿರುವ ತಿಂಗಳು ಯಾವುದು, ಆ ತಿಂಗಳಲ್ಲಿ ಯಾವ ಊರಿನವರು ಕೆಲಸ ಬಿಟ್ಟು ಒಂದೆಡೆ ಸೇರುತ್ತಾರೆ ಎಂದು ಮೊದಲು ಕೇಳಿಕೊಳ್ಳಬೇಕು. ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗೂ ಈ ಪ್ರಶ್ನೆಗೆ ಉತ್ತರವಿದೆ.

ಮೂರು ಲೆಕ್ಕ, ಒಂದು ಮಳೆ

ನಾಡಿನ ಹಬ್ಬ, ಜಾತ್ರೆಗಳು ಮುಖ್ಯವಾಗಿ ಮೂರು ಲೆಕ್ಕದಲ್ಲಿ ನಡೆಯುತ್ತವೆ. ಮೊದಲನೆಯದು ಚಾಂದ್ರಮಾನ. ಯುಗಾದಿ, ದಸರಾ, ದೀಪಾವಳಿ, ಬಹುಪಾಲು ತೇರುಗಳು ಇದಕ್ಕೆ ಸೇರಿದವು. ಇವು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಅಧಿಕಮಾಸ ಬಂದ ವರ್ಷ ಒಮ್ಮೆಲೇ ಮುಂದೆ ಹೋಗುತ್ತವೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದಲೇ ಆ ವರ್ಷ ದಸರಾ ಅಷ್ಟು ತಡವಾಯಿತು. 2026ಕ್ಕೆ ಅಧಿಕ ಜ್ಯೇಷ್ಠ ಇದೆ.

ಎರಡನೆಯದು ಸೌರಮಾನ. ಮಕರ ಸಂಕ್ರಾಂತಿ, ತಲಕಾವೇರಿಯ ತೀರ್ಥೋದ್ಭವ, ಕೊಡಗಿನ ಕಕ್ಕಡ ಹದಿನೆಂಟು, ತುಳುನಾಡಿನ ಪತ್ತನಾಜೆ ಈ ಲೆಕ್ಕದವು. ಇವುಗಳ ತಾರೀಖು ಹೆಚ್ಚೆಂದರೆ ಒಂದು ದಿನ ಆಚೀಚೆ ಆಗುತ್ತದೆ. ಉಡುಪಿಯ ಅಷ್ಟಮಿ ಸೌರ ತಿಂಗಳಾದ ಸಿಂಹಮಾಸದ ಲೆಕ್ಕ ಹಿಡಿಯುವುದರಿಂದ ಉಳಿದವರಿಗಿಂತ ಬೇರೆಯಾಗುತ್ತದೆ.

ಮೂರನೆಯದು ಹಿಜರಿ. ಇದರಲ್ಲಿ ಅಧಿಕಮಾಸವಿಲ್ಲ. ಹಾಗಾಗಿ 2018ರಲ್ಲಿ ಸೆಪ್ಟೆಂಬರ್ 21ಕ್ಕೆ ಇದ್ದ ಮೊಹರಂ ಕೊನೆಯ ದಿನ 2025ರಲ್ಲಿ ಜುಲೈ 6ಕ್ಕೆ ಬಂತು.

ಈ ಮೂರರ ಮೇಲೂ ಮಳೆಯ ಅಧಿಕಾರವಿದೆ. ಬಯಲಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನವಾಗಲಿ, ಭೂತಕೋಲವಾಗಲಿ ಮಳೆಗಾಲಕ್ಕೆ ಹೊಂದುವುದಿಲ್ಲ. ಸುಗ್ಗಿ ಮುಗಿದು ಕೈಯಲ್ಲಿ ಕಾಳು, ಕಾಸು ಇರುವಾಗ ಜಾತ್ರೆ, ಬಿತ್ತನೆಗೆ ಮುಂಚೆ ಎತ್ತಿನ ಹಬ್ಬ.

ಸುಗ್ಗಿಯಿಂದ ತೇರಿಗೆ

ಜನವರಿಯಲ್ಲಿ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಸಂಕ್ರಾಂತಿಯ ಸಂಜೆ ಗವಿಪುರದ ಗವಿಗಂಗಾಧರೇಶ್ವರ ಗುಹಾಲಯದಲ್ಲಿ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಪುಷ್ಯ ಬಹುಳ ಬಿದಿಗೆಗೆ ಕೊಪ್ಪಳದ ಗವಿಸಿದ್ಧೇಶ್ವರ ತೇರು. ಇಲ್ಲಿ ತೇರಿನಷ್ಟೇ ದೊಡ್ಡದು ದಾಸೋಹ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ ಗಾಡಿ, ಟ್ರ್ಯಾಕ್ಟರುಗಳಲ್ಲಿ ರಾಶಿ ರಾಶಿಯಾಗಿ ಮಠಕ್ಕೆ ಬರುತ್ತದೆ. ಊಟಕ್ಕೆ ಕೂತವರ ತಟ್ಟೆಗೆ ಆ ರೊಟ್ಟಿಯ ಜೊತೆ ಮಾದಲಿ ಬೀಳುತ್ತದೆ.

ಸಮಸಂಖ್ಯೆಯ ವರ್ಷವಾದರೆ ಜನವರಿ 18ರ ನಸುಕು ಉಡುಪಿಗೆ ಮೀಸಲು. ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳ ಪೈಕಿ ಒಂದರಿಂದ ಇನ್ನೊಂದಕ್ಕೆ ಕೃಷ್ಣಪೂಜೆಯ ಹೊಣೆ ದಾಟುವ ಪರ್ಯಾಯ ಅಂದು ನಡೆಯುತ್ತದೆ. ಮಧ್ವಾಚಾರ್ಯರು ಎರಡು ತಿಂಗಳಿಗೊಮ್ಮೆ ಎಂದು ಮಾಡಿದ್ದ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ಹಿಗ್ಗಿಸಿದರು. ರಾತ್ರಿಯಿಡೀ ಊರು ಎಚ್ಚರವಾಗಿರುತ್ತದೆ. ಜೋಡುಕಟ್ಟೆಯಿಂದ ಮೆರವಣಿಗೆ ಹೊರಟು ರಥಬೀದಿ ಸೇರಿದ ಮೇಲೆ ಅಕ್ಷಯಪಾತ್ರೆ, ಸಟ್ಟುಗಗಳ ಹಸ್ತಾಂತರವಾಗುತ್ತದೆ. ಬೆಸಸಂಖ್ಯೆಯ ವರ್ಷ ಹೋದವರಿಗೂ ನೋಡಲು ಇದೆ. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ಪರ್ಯಾಯ ಸಿದ್ಧತೆಯ ನಾಲ್ಕು ಮುಹೂರ್ತಗಳಲ್ಲಿ ಹೆಚ್ಚಿನವು ಆ ವರ್ಷವೇ ನಡೆಯುತ್ತವೆ. ಮುಂದಿನ ಎರಡು ವರ್ಷದ ಅನ್ನದಾನಕ್ಕೆ ಸೌದೆಯನ್ನು ತೇರಿನ ಆಕಾರದಲ್ಲಿ ಒಟ್ಟಿದ ಕಟ್ಟಿಗೆ ರಥವನ್ನು ಮಠದ ಹಿಂದೆ ಹೋಗಿ ಕಣ್ತುಂಬ ನೋಡಬಹುದು.

ಫೆಬ್ರವರಿಯ ಆಯ್ಕೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಭರತ ಹುಣ್ಣಿಮೆಯ ಬೆನ್ನಿಗೆ ಡೆಂಗನಮರಡಿಯ ಬಯಲಿನಲ್ಲಿ ಕಾರಣಿಕ ನಡೆಯುತ್ತದೆ. ಕಣ್ಣು ಹಾಯಿಸಿದಷ್ಟು ದೂರ ಜನ, ಕರಿ ಕಂಬಳಿ ಹೊದ್ದ ಗೊರವರು, ಡಮರುಗದ ಸದ್ದು, ಭಂಡಾರದ ಹಳದಿ. ವ್ರತದಲ್ಲಿದ್ದ ಗೊರವಯ್ಯ ನೆಟ್ಟ ಬಿಲ್ಲನ್ನು ಸರಸರ ಏರಿ ತುದಿಯಲ್ಲಿ ನಿಂತು ‘ಸದ್ದಲೇ’ ಎನ್ನುತ್ತಾನೆ. ಅಷ್ಟು ದೊಡ್ಡ ಜಾತ್ರೆ ಗಪ್ಪಾಗುತ್ತದೆ. ಒಂದೇ ಒಂದು ವಾಕ್ಯ ನುಡಿದು ಅವನು ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯ ಮಳೆಯ ಬಗ್ಗೆಯೋ, ಬೆಳೆಯ ಬಗ್ಗೆಯೋ, ರಾಜಕಾರಣದ ಬಗ್ಗೆಯೋ ಎಂಬ ಚರ್ಚೆ ಬಸ್ಸಿನಲ್ಲಿ ಊರು ತಲುಪುವವರೆಗೂ ನಡೆಯುತ್ತದೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಹಿಂದಿನದು ನಡೆದದ್ದು 2018ರ ಫೆಬ್ರವರಿಯಲ್ಲಿ.

ಮಾರ್ಚ್‌ನಲ್ಲಿ ಶಿರಸಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಕೆಲವೊಮ್ಮೆ ಫೆಬ್ರವರಿ ಕೊನೆಗೇ ಶುರುವಾಗುತ್ತದೆ. ಜಾತ್ರೆ ಇಲ್ಲದ ವರ್ಷದ ಹೋಳಿಗೆ ಬೇಡರ ವೇಷ ಹೊರಡುತ್ತದೆ. ಬೆನ್ನಿಗೆ ನವಿಲುಗರಿ, ಮುಖಕ್ಕೆ ರೌದ್ರ ಬಣ್ಣ, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದೆಳೆಯುವವರು ಇರದಿದ್ದರೆ ಬೇಡ ಜನರ ನಡುವೆ ನುಗ್ಗಿಯೇ ಬಿಡುತ್ತಾನೆ ಎನ್ನುವಂತೆ ಕುಣಿತ. ಹೀಗೆ ಯಾವ ವರ್ಷ ಹೋದರೂ ಶಿರಸಿ ಬರಿಗೈಯಲ್ಲಿ ಕಳಿಸುವುದಿಲ್ಲ.

ಮಾರ್ಚ್–ಏಪ್ರಿಲ್ ಸಂಧಿಯಲ್ಲಿ ಬರುವ ಮೇಲುಕೋಟೆಯ ವೈರಮುಡಿಯದು ಮತ್ತೊಂದು ಬಗೆಯ ಸೊಬಗು. ವಜ್ರಖಚಿತ ಕಿರೀಟ ವರ್ಷವಿಡೀ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ. ಅಂದು ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಹಳ್ಳಿಗಳಲ್ಲಿ ಪೂಜೆ ಪಡೆಯುತ್ತಾ ಬೆಟ್ಟ ಸೇರುತ್ತದೆ. ಹಗಲಿನ ಬೆಳಕು ಅದರ ಮೇಲೆ ಬೀಳಬಾರದೆಂಬ ನಂಬಿಕೆಯಿಂದ ಚೆಲುವನಾರಾಯಣನಿಗೆ ಅದನ್ನು ಮುಡಿಸುವುದು ರಾತ್ರಿ.

ಬೇಸಿಗೆಯ ರಾತ್ರಿಗಳು

ಏಪ್ರಿಲ್ ಬೆಂಗಳೂರಿನದು. ರಾಮನವಮಿಗೆ ಶುರುವಾಗುವ ಸಂಗೀತೋತ್ಸವಗಳಲ್ಲಿ ಚಾಮರಾಜಪೇಟೆಯ ರಾಮಸೇವಾ ಮಂಡಳಿಯದು 1939ರಿಂದ ನಡೆದುಬಂದದ್ದು. ಪಾನಕ, ಕೋಸಂಬರಿ ಹಂಚುವ ಸಂಜೆಗಳಲ್ಲಿ ಚಪ್ಪರದ ಕೆಳಗೆ ಕೂತು ಕೇಳುವ ಕಛೇರಿಯ ರುಚಿ ಹವಾನಿಯಂತ್ರಿತ ಸಭಾಂಗಣದಲ್ಲಿ ಸಿಗುವುದಿಲ್ಲ. ಚೈತ್ರ ಹುಣ್ಣಿಮೆಗೆ ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ. ಸೀರೆ, ಬಳೆ ತೊಟ್ಟ ಪೂಜಾರಿಯ ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತ ಕತ್ತಿ ಹಿಡಿದ ವೀರಕುಮಾರರು. ನಡುರಾತ್ರಿ ಹೊರಟ ಕರಗ ಪೇಟೆಗಳನ್ನು ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬೆಳಗಿನ ಹೊತ್ತಿಗೆ ಗುಡಿಗೆ ಮರಳುತ್ತದೆ. ಗುಡಿಯ ಮುಂದಿನ ನೂಕುನುಗ್ಗಲಿಗಿಂತ ಪೇಟೆಯೊಳಗಿನ ಒಂದು ತಿರುವಿನಲ್ಲಿ ನಿಂತು ಕಾಯುವುದು ಜಾಣತನ. ಮನೆಗಳ ಮುಂದೆ ರಂಗೋಲಿ ಹಾಕಿ, ಕೈಯಲ್ಲಿ ಮಲ್ಲಿಗೆ ಹಿಡಿದು ಕಾದು ನಿಂತ ಕುಟುಂಬಗಳ ಸಡಗರವೂ ಅಲ್ಲಿ ನೋಡಸಿಗುತ್ತದೆ.

ಮೇ ಬಂದರೆ ಕರಾವಳಿಗೆ ಓಡಬೇಕು. ಅಲ್ಲಿ ಗಡುವು ಇದೆ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆಗೆ ಕೋಲ, ನೇಮ, ಬಯಲಾಟಗಳೆಲ್ಲ ನಿಲ್ಲುತ್ತವೆ. ಮೇಳದವರ ಮಾತಿನಲ್ಲಿ ಅದು ಗೆಜ್ಜೆ ಬಿಚ್ಚುವ ದಿನ. ಅದಕ್ಕೆ ಮುಂಚಿನ ವಾರಗಳಲ್ಲಿ ಒಂದಲ್ಲ ಒಂದು ಊರಿನಲ್ಲಿ ಆಟ ಇದ್ದೇ ಇರುತ್ತದೆ. ಕಟೀಲು ಮೇಳದಂಥ ಹರಕೆ ಮೇಳಗಳ ಆಟವನ್ನು ಭಕ್ತರು ಎಷ್ಟೋ ವರ್ಷ ಮೊದಲೇ ಗೊತ್ತುಮಾಡಿರುತ್ತಾರೆ. ನೋಡುವವರಿಗೆ ಟಿಕೆಟ್ ಇಲ್ಲ.

ಮಳೆಗಾಲವೂ ಹೊರಡುವ ಕಾಲವೇ

ಜೂನ್‌ನಲ್ಲಿ ಉತ್ತರ ಕರ್ನಾಟಕದ ಹೊಲಗಳು ಬಿತ್ತನೆಗೆ ಸಜ್ಜಾಗಿರುತ್ತವೆ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಜೂಲ ಹೊದಿಸಿ ಸಂಜೆ ಅಗಸೆ ಬಾಗಿಲಲ್ಲಿ ಎತ್ತು ಓಡಿಸಿ ಕರಿ ಹರಿಯುತ್ತಾರೆ. ಯಾವ ಬಣ್ಣದ ಎತ್ತು ಮೊದಲು ಬಂತು ಎಂಬುದರ ಮೇಲೆ ಆ ವರ್ಷ ಮುಂಗಾರಿ ಪೈರು ಹೆಚ್ಚೋ ಹಿಂಗಾರಿ ಹೆಚ್ಚೋ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಸದ್ಯಕ್ಕೆ ಜೂನ್–ಜುಲೈ ಕಡೆ ಬರುತ್ತಿರುವ ಮೊಹರಂ ನೋಡಲು ರಾಯಚೂರು ಜಿಲ್ಲೆಯ ಮುದಗಲ್ ಹೆಸರುವಾಸಿ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಅಲಾಯಿ ದೇವರನ್ನು ಕೂರಿಸಿ, ಹೆಜ್ಜೆ ಹಾಕಿ ಮೊಹರಂ ಪದ ಹಾಡುವ ರೂಢಿ ಆ ಸೀಮೆಯಲ್ಲಿದೆ.

ಜುಲೈನಲ್ಲಿ ಬಯಲಾಟ ಇಲ್ಲದಿದ್ದರೇನು, ತಾಳಮದ್ದಳೆ ಇದೆ. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದಕ್ಕೆ ಅರ್ಥಧಾರಿಗಳು ಕೂತಲ್ಲೇ ಮಾತಿನ ಅರಮನೆ ಕಟ್ಟುತ್ತಾರೆ. ಕನ್ನಡ ಮಾತಿನ ಕಸುವು ತಿಳಿಯಬೇಕಾದವರು ಒಮ್ಮೆಯಾದರೂ ಕೇಳಬೇಕು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ತುಳುನಾಡಿನವರು ಪಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತಂದು ಕಷಾಯ ಮಾಡುತ್ತಾರೆ. ಕಹಿಯಾದ ಕಷಾಯದ ಮೇಲೆ ಮೆಂತೆ ಗಂಜಿ.

ಆಗಸ್ಟ್ 3ರ ಹೊತ್ತಿಗೆ ಕೊಡಗಿನಲ್ಲಿ ಕಕ್ಕಡ ಹದಿನೆಂಟು. ಆ ದಿನಕ್ಕೆ ಹದಿನೆಂಟು ಬಗೆಯ ಔಷಧಿ ಗುಣ ತುಂಬುತ್ತದೆಂಬ ನಂಬಿಕೆಯ ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ, ಅದರ ಕಡು ನೇರಳೆ ಬಣ್ಣ ನೋಡಿಯೇ ತಿಳಿಯಬೇಕು. ಉತ್ತರದ ಜಿಲ್ಲೆಗಳಲ್ಲಿ ಅದೇ ಸುಮಾರಿಗೆ ನಾಗರಪಂಚಮಿ: ಮರಕ್ಕೆ ಜೋಕಾಲಿ, ಡಬ್ಬಿ ತುಂಬ ಉಂಡಿ, ತವರಿಗೆ ಬಂದ ಹೆಣ್ಣುಮಕ್ಕಳು.

ದಸರೆಯ ಎದುರು ಬದುರು

ಮೈಸೂರಿಗೆ ದಸರಾ ಜನಸಂದಣಿಯಲ್ಲಿ ಹೋಗಲಾಗದವರು ಅದಕ್ಕೆ ಕೆಲವು ವಾರ ಮುಂಚೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಹೋಗುವುದು ಒಳ್ಳೆಯದು. 750 ಕಿಲೋ ತೂಕದ ಅಂಬಾರಿ ಹೊರಬೇಕಾದ ಆನೆಗಳಿಗೆ ಆಗ ಮರಳು ಮೂಟೆ ಹೊರಿಸಿ ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮು ನಡೆಸುತ್ತಾರೆ. ಬೆಳಗಿನ ತಂಪಿನಲ್ಲಿ, ರಸ್ತೆ ಬದಿಯಲ್ಲಿ ನಿಂತು, ಆನೆಗೂ ಮಾವುತನಿಗೂ ನಡುವಿನ ಮಾತನ್ನು ಹತ್ತಿರದಿಂದ ಕೇಳಬಹುದು.

ಅಕ್ಟೋಬರ್‌ನ ವಿಜಯದಶಮಿಯಂದು ಮೈಸೂರಿನಲ್ಲಿ ಹಗಲಿನ ಜಂಬೂಸವಾರಿಯಾದರೆ ಮಡಿಕೇರಿಯಲ್ಲಿ ರಾತ್ರಿಯಿಡೀ ದಶಮಂಟಪಗಳ ಮೆರವಣಿಗೆ. ದಸರೆಗೆ ಸಿಗದವರಿಗೆ ಅಕ್ಟೋಬರ್ 17ರ ಸುಮಾರಿನ ತುಲಾ ಸಂಕ್ರಮಣ ಇದೆ. ಆ ಗಳಿಗೆಯಲ್ಲಿ ಕಾವೇರಿ ಕುಂಡಿಕೆಯಲ್ಲಿ ತೀರ್ಥ ಉಕ್ಕುವುದನ್ನು ಕಾಣಲು ಜನ ತಲಕಾವೇರಿಯಲ್ಲಿ ಕಾದಿರುತ್ತಾರೆ. ಮುಹೂರ್ತ ಒಂದೊಂದು ವರ್ಷ ಒಂದೊಂದು ಹೊತ್ತಿಗೆ ಬರುವುದರಿಂದ ಸಮಯ ಮೊದಲೇ ತಿಳಿದುಕೊಳ್ಳಬೇಕು.

ದೀಪದಿಂದ ಹೊಸ ಅಕ್ಕಿಗೆ

ದೀಪಾವಳಿಯ ರಾತ್ರಿ ಮಲೆನಾಡಿನಲ್ಲಿ ಅಂಟಿಕೆ ಪಂಟಿಕೆಯವರು ಆರದ ಜ್ಯೋತಿ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ನಡೆಯುತ್ತಾರೆ. ನವೆಂಬರ್ ಹೊತ್ತಿಗೆ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ. ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ಸೇರಿನಲ್ಲಿ ಅಳೆದುಕೊಡುವ ರೈತರ ಜೊತೆ ಚೌಕಾಸಿ ಮಾಡುವ ಮೊದಲು, ಯಾವ ಊರಿನ ಕಾಯಿ ಎಂದು ಕೇಳಿ ನೋಡಬೇಕು. ಮಾತು ಅಲ್ಲಿಂದ ಬೆಳೆಯುತ್ತದೆ.

ಕಂಬಳವೂ ನವೆಂಬರ್‌ನಿಂದಲೇ ಶುರು, ಮಾರ್ಚ್‌ವರೆಗೂ ಬಹುಪಾಲು ವಾರಾಂತ್ಯಗಳಲ್ಲಿ ಇರುತ್ತದೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ವೇಗ ಮುಖ್ಯ. ಕನೆಹಲಗೆಯಲ್ಲಿ ಹಾಗಲ್ಲ. ಓಡಿಸುವವರು ತೂತುಳ್ಳ ಚಿಕ್ಕ ಹಲಗೆಯ ಮೇಲೆ ಕಾಲೂರಿ ನಿಂತಿರುತ್ತಾರೆ. ಕೋಣಗಳು ಓಡುವಾಗ ಆ ತೂತಿನಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಯನ್ನು ಮುಟ್ಟಬೇಕು. ಎಷ್ಟು ಕೋಲು ಎತ್ತರಕ್ಕೆ ನೀರು ಹಾಯಿತು ಎಂಬುದೇ ಗೆಲುವು.

ಡಿಸೆಂಬರ್ ಹೊಸಿಲಲ್ಲಿ ಕೊಡಗಿನ ಹುತ್ತರಿ. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಗದಿಯಾದ ಗಳಿಗೆಗೆ ಸರಿಯಾಗಿ, ಹುಣ್ಣಿಮೆಯ ಬೆಳಕಿನಲ್ಲಿ ಗದ್ದೆಗಿಳಿದು, ಕೋವಿ ಹಾರಿಸಿ ಕದಿರು ಕೊಯ್ಯುತ್ತಾರೆ. ತಿಂಗಳ ಕೊನೆಗೆ ಅಥವಾ ಜನವರಿ ಮೊದಲಿಗೆ ಬರುವ ಎಳ್ಳಮಾವಾಸ್ಯೆಗೆ ಬೀದರ್, ಕಲಬುರಗಿಯ ಹೊಲಗಳಲ್ಲಿ ಚರಗ ಚೆಲ್ಲುವ ಸಂಭ್ರಮ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಇಡೀ ಊರು ಹೊಲಕ್ಕೆ ಹೋಗಿರುತ್ತದೆ. ಪರಿಚಯವಿಲ್ಲದವರನ್ನೂ ಕೂರಿಸಿ ಉಣಿಸುತ್ತಾರೆ. ಹಿಂದುಸ್ತಾನಿ ಸಂಗೀತದ ಒಲವಿರುವವರಿಗೆ ಗಡಿಯಾಚೆಯ ಪುಣೆಯೂ ಇದೆ. ಗದಗಿನ ಭೀಮಸೇನ ಜೋಶಿ ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಬೆಳೆಸಿದ ಉತ್ಸವ 1953ರಿಂದ ಅಲ್ಲಿ ನಡೆಯುತ್ತಿದೆ.

ಹೊರಡುವ ಮುನ್ನ

ಹಂಪಿ ಉತ್ಸವದಂಥ ಸರ್ಕಾರಿ ಉತ್ಸವಗಳ ದಿನಾಂಕವನ್ನು ಆಡಳಿತ ನಿರ್ಧರಿಸುತ್ತದೆ. ಹಿಂದೆ ನವೆಂಬರ್‌ನಲ್ಲಿ ನಡೆಯುತ್ತಿದ್ದ ಹಂಪಿ ಉತ್ಸವ ಈಚೆಗೆ ಜನವರಿ, ಫೆಬ್ರವರಿಗೂ ಹೋಗಿದೆ. ಪ್ರಕಟಣೆ ಬರುವವರೆಗೆ ಕೋಣೆ ಕಾಯ್ದಿರಿಸುವುದು ಬೇಡ. ಜಾತ್ರೆಗಳಿಗೆ ಆ ಭಯವಿಲ್ಲ, ಪಂಚಾಂಗದಲ್ಲಿ ತಿಥಿ ಸಿಗುತ್ತದೆ. ಆದರೂ ದೇವಸ್ಥಾನದ ಕಚೇರಿಗೆ ಒಂದು ಫೋನ್ ಮಾಡುವುದು ಕ್ಷೇಮ. ತಿಥಿ ಎರಡು ದಿನಕ್ಕೆ ಚಾಚಿದಾಗ ಯಾವ ದಿನ ಹಿಡಿಯುತ್ತಾರೆಂದು ಅಲ್ಲಿನವರಿಗೇ ಗೊತ್ತು.

ಮನೆತನದ ನೇಮ, ಹುತ್ತರಿಯ ಕದಿರು, ಚರಗದ ಊಟ ಇವು ಪ್ರದರ್ಶನಗಳಲ್ಲ. ಪರಿಚಯದವರ ಮೂಲಕ ಹೋಗಬೇಕು, ಚಿತ್ರ ತೆಗೆಯುವ ಮೊದಲು ಕೇಳಬೇಕು, ಪಾತ್ರಿಯ ಮುಖಕ್ಕೆ ಫ್ಲ್ಯಾಶ್ ಹಾಕಬಾರದು. ಮೈಲಾರದಂಥ ಊರಲ್ಲಿ ಜಾತ್ರೆಯ ದಿನ ತಂಗಲು ಜಾಗ ಸಿಗುವುದು ಕಷ್ಟ, ಹೂವಿನಹಡಗಲಿಯಲ್ಲೋ ರಾಣೆಬೆನ್ನೂರಿನಲ್ಲೋ ಉಳಿದುಕೊಂಡು ಬೆಳಿಗ್ಗೆಯೇ ಹೊರಡಬೇಕು.

ಹೊಸದಾಗಿ ಶುರು ಮಾಡುವವರಿಗೆ ವರ್ಷಕ್ಕೆ ಮೂರು ಊರು ಸಾಕು. ತಲಕಾವೇರಿಯಂತೆ ತಾರೀಖು ಅಷ್ಟಾಗಿ ಕದಲದ್ದು ಒಂದು, ಕೊಪ್ಪಳದಂತೆ ತಿಥಿಗೆ ಬರುವುದು ಒಂದು, ತಾಳಮದ್ದಳೆಯಂತೆ ಮಳೆಗಾಲದ್ದು ಒಂದು. ಮೊದಲನೆಯದಕ್ಕೆ ರಜೆಯನ್ನು ಈಗಲೇ ಬರೆದುಕೊಡಬಹುದು. ಉಳಿದೆರಡಕ್ಕೆ ಹೊಸ ಪಂಚಾಂಗವನ್ನೂ ಊರಿನವರ ಫೋನ್ ನಂಬರನ್ನೂ ಜೊತೆಗಿಟ್ಟುಕೊಂಡು ಕೂತರೆ ಅರ್ಧ ಗಂಟೆಯ ಕೆಲಸ.