ಉದ್ಯಾನದ ಖರ್ಚು ಯಾರ ಹೆಗಲಿಗೆ?

ಊರಿನ ಅಂಚಿನಲ್ಲಿ ಹೊಸ ಬಡಾವಣೆ ಏಳುತ್ತದೆ. ನಿವೇಶನಗಳು ಮಾರಾಟವಾಗುತ್ತವೆ, ಮನೆಗಳು ತುಂಬುತ್ತವೆ. ಮಕ್ಕಳು ಆಡಲು, ಹಿರಿಯರು ಕೂರಲು ಜಾಗವೆಲ್ಲಿ ಎಂಬ ಪ್ರಶ್ನೆ ಏಳುವುದು ಆಮೇಲೆ. ಆ ಹೊತ್ತಿಗೆ ಖಾಲಿ ನೆಲದ ಬೆಲೆ ನಗರಸಭೆಯ ಕೈಗೆ ಎಟುಕದಷ್ಟು ಏರಿರುತ್ತದೆ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಡಾವಣೆಯ ಶೇ 15ರಷ್ಟು ನೆಲವನ್ನು ಉದ್ಯಾನ, ಆಟದ ಮೈದಾನಗಳಿಗೆ ಮೀಸಲಿಡಬೇಕೆನ್ನುತ್ತದೆ. ದೊಡ್ಡ ಬಡಾವಣೆಗೆ ಇದು ಒಪ್ಪುವ ಮಾತು. ಆದರೆ ನಲವತ್ತು ನಿವೇಶನಗಳ ಪುಟ್ಟ ಬಡಾವಣೆಯಲ್ಲಿ ಹೀಗೆ ದಕ್ಕುವುದು ಒಂದು ಮೂಲೆ ಮಾತ್ರ. ಅಂಥಲ್ಲಿ ನೆಲದ ಬದಲು ಹಣ ಪಡೆದು, ಅದನ್ನು ಕೂಡಿಸಿ ಉದ್ಯಾನ ಮಾಡುವ ದಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1965ರಲ್ಲೇ ಕಾನೂನಿನ ರೂಪ ಕೊಟ್ಟಿತು.

ಶಾಸಕ ಜಾನ್ ಕ್ವಿಂಬಿ ಅವರ ಹೆಸರಿನಿಂದ ಕರೆಯಲಾಗುವ ಈ ಕಾಯ್ದೆಯ ಅಳತೆಗೋಲು ಜನಸಂಖ್ಯೆ. ಸಾವಿರ ನಿವಾಸಿಗಳಿಗೆ 3 ಎಕರೆ ಉದ್ಯಾನ. ಊರಿನಲ್ಲಿ ಈಗಾಗಲೇ ಅದಕ್ಕಿಂತ ಹೆಚ್ಚಿನ ಪ್ರಮಾಣವಿದ್ದರೆ 5 ಎಕರೆಯವರೆಗೂ ಕೇಳಬಹುದು. 50 ಅಥವಾ ಅದಕ್ಕಿಂತ ಕಡಿಮೆ ನಿವೇಶನಗಳ ಬಡಾವಣೆಯಿಂದ ನೆಲ ಕೇಳುವಂತಿಲ್ಲ, ಶುಲ್ಕ ಮಾತ್ರ.

ಲೆಕ್ಕ ಸರಳ. 40 ನಿವೇಶನಗಳಲ್ಲಿ ಮನೆಗೆ ಮೂವರಂತೆ 120 ಜನ ಬರುತ್ತಾರೆಂದು ಇಟ್ಟುಕೊಳ್ಳೋಣ. ಅವರ ಪಾಲಿನ ಉದ್ಯಾನ 0.36 ಎಕರೆ. ಎಕರೆಗೆ 10 ಲಕ್ಷ ಡಾಲರ್ ಬೆಲೆಯಿದ್ದರೆ ಒಟ್ಟು ಶುಲ್ಕ 3.6 ಲಕ್ಷ ಡಾಲರ್. ನಿವೇಶನವೊಂದಕ್ಕೆ 9 ಸಾವಿರ. ಈ ಹಣದಿಂದ ಉದ್ಯಾನಕ್ಕೆ ನೆಲ ಕೊಳ್ಳಬಹುದು, ಹೊಸದನ್ನು ಕಟ್ಟಬಹುದು, ಹಳೆಯದನ್ನು ದುರಸ್ತಿ ಮಾಡಬಹುದು. ಮಾಲಿಯ ಸಂಬಳಕ್ಕೆ ಬಳಸುವಂತಿಲ್ಲ. ಕಾಯ್ದೆ ಹೇಳಿದ ಅವಧಿಯೊಳಗೆ ಇಂಥ ಕೆಲಸಕ್ಕೆಂದು ತೆಗೆದಿರಿಸದಿದ್ದರೆ ಹಣವನ್ನು ಬಡಾವಣೆಯ ಮಾಲೀಕರಿಗೆ ಹಿಂದಿರುಗಿಸಬೇಕು.

ಬಿಲ್ಡರ್‌ಗಳು ಸುಮ್ಮನೆ ಕೂರಲಿಲ್ಲ. ವಾಲ್ನಟ್ ಕ್ರೀಕ್ ನಗರದ ವಿರುದ್ಧ ಅವರ ಸಂಘ ಹೂಡಿದ ಮೊಕದ್ದಮೆಯಲ್ಲಿ 1971ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1978ರಲ್ಲಿ ಮತದಾರರು ಆಸ್ತಿ ತೆರಿಗೆಗೆ ಶೇ 1ರ ಮಿತಿ ಹಾಕಿದ ಮೇಲೆ ನಗರಗಳ ಬೊಕ್ಕಸ ಬಡವಾಯಿತು. ಇದ್ದವರಿಂದ ತೆಗೆಯಲಾಗದ್ದನ್ನು ಹೊಸದಾಗಿ ಬರುವವರಿಂದ ತೆಗೆಯುವ ಆಸೆ ಬಲಿಯಿತು. ಬಗೆಬಗೆಯ ಶುಲ್ಕಗಳು ಹುಟ್ಟಿಕೊಂಡವು.

ಇಲ್ಲಿ ಎದುರಾಗುವುದು ನ್ಯಾಯದ ಪ್ರಶ್ನೆ. ಶುಲ್ಕ ಎಲ್ಲಿ ಮುಗಿಯುತ್ತದೆ, ಸುಲಿಗೆ ಎಲ್ಲಿ ಆರಂಭವಾಗುತ್ತದೆ? ಆರಿಗನ್ ರಾಜ್ಯದ ಟೈಗಾರ್ಡ್ ನಗರ, ಅಂಗಡಿ ವಿಸ್ತರಿಸಲು ಹೊರಟ ಡೋಲನ್ ಎಂಬವರಿಂದ ಹಸಿರು ಪಟ್ಟಿಗೆ ಮತ್ತು ಸೈಕಲ್ ದಾರಿಗೆ ನೆಲ ಕೇಳಿತ್ತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಟ್ಟಡ ತರುವ ಹೊರೆಗೂ ನಗರ ಕೇಳುವ ಪಾಲಿಗೂ ಸ್ಥೂಲವಾಗಿಯಾದರೂ ಹೊಂದಿಕೆ ಇರಬೇಕು, ಅದನ್ನು ನಗರವೇ ತೋರಿಸಬೇಕು ಎಂದಿತು. ಶಾಸನಸಭೆಗಳು ವಿಧಿಸಿದ ಶುಲ್ಕಕ್ಕೂ ಇಂಥ ಪರೀಕ್ಷೆಯಿಂದ ವಿನಾಯಿತಿ ಇಲ್ಲವೆಂದು ಅದೇ ನ್ಯಾಯಾಲಯ 2024ರಲ್ಲಿ ಎಲ್ ಡೊರಾಡೊ ಕೌಂಟಿಯ ರಸ್ತೆ ಶುಲ್ಕದ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಇನ್ನೊಂದು ಕೊರತೆ ಲೆಕ್ಕದ ಒಳಗೇ ಇತ್ತು. ಶುಲ್ಕ ಬರುವುದು ಹೊಸ ಮನೆಗಳು ಏಳುವ ಕಡೆಯಿಂದ; ಖರ್ಚಾಗಬೇಕಾದದ್ದೂ ಆ ಬಡಾವಣೆಯವರಿಗಾಗಿಯೇ. ಹೊಸ ಮನೆಯೇ ಏಳದ ಹಳೆಯ, ಕಿಕ್ಕಿರಿದ ಕೇರಿಗೆ ಅದರಿಂದ ಬಿಡಿಗಾಸೂ ಇಲ್ಲ. 2013ರ ತಿದ್ದುಪಡಿ, ಸಾವಿರ ಜನರಿಗೆ 3 ಎಕರೆಗಿಂತ ಕಡಿಮೆ ಉದ್ಯಾನವಿರುವ ಬೇರೆ ಪ್ರದೇಶಕ್ಕೂ ಈ ಹಣವನ್ನು ಕೆಲವು ಷರತ್ತುಗಳೊಂದಿಗೆ ಬಳಸಲು ಅವಕಾಶ ಕೊಟ್ಟಿತು.

ಬಿಲ್ಡರ್ ಕಟ್ಟಿದ ಶುಲ್ಕ ಹಲವು ವೇಳೆ ಮನೆಯ ಬೆಲೆಯಲ್ಲಿ ಸೇರಿಕೊಂಡು ಕೊಳ್ಳುವವನ ತಲೆಗೇ ಬರುತ್ತದೆ. ಹಾಗೆಂದು ಶುಲ್ಕವೇ ಬೇಡವೆಂದರೆ ಉದ್ಯಾನವಿಲ್ಲದೆ ಬೆಳೆಯುವ ಮಕ್ಕಳು ಬೇರೊಂದು ಬೆಲೆ ತೆರುತ್ತಾರೆ. ಆದ್ದರಿಂದಲೇ ಶುಲ್ಕದ ಮೊತ್ತಕ್ಕಿಂತ ಅದರ ಲೆಕ್ಕ ಎಲ್ಲರ ಮುಂದೆ ತೆರೆದಿರುವುದು ಮುಖ್ಯ.