ಒಂದು ಮೋಟಾರು ಸೈಕಲಿನ ಜೀರ್ಣೋದ್ಧಾರ

ಶ್ರೀನಿವಾಸಪುರದ ನಮ್ಮ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ, ಹುಣಿಸೆಹಣ್ಣಿನ ಮೂಟೆಗಳ ಮರೆಯಲ್ಲಿ, ಒಂದು ಮೋಟಾರು ಸೈಕಲು ಹನ್ನೊಂದು ವರ್ಷ ನಿಂತಿತ್ತು. ನನ್ನ ತಂದೆಯವರು 1974ರಲ್ಲಿ ಕೊಂಡ ಯೆಜ್ಡಿ ಅದು. ಪಶುವೈದ್ಯ ಪರಿವೀಕ್ಷಕರಾಗಿದ್ದ ಅವರು ಆ ಗಾಡಿಯ ಮೇಲೆ ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಳ್ಳಿಗಳನ್ನು ಸುತ್ತಿದವರು. 2009ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ಮುಟ್ಟುವವರಿರಲಿಲ್ಲ. 2020ರಲ್ಲಿ, ಊರಿಗೆ ಊರೇ ಬಾಗಿಲು ಮುಚ್ಚಿ ಕುಳಿತ ದಿನಗಳಲ್ಲಿ, ಮೂಟೆಗಳನ್ನು ಸರಿಸಿ ಅದನ್ನು ಬೆಳಕಿಗೆ ತಂದೆ. ನಾನು ವೃತ್ತಿಯಿಂದ ಕನ್ನಡ ಮೇಷ್ಟ್ರು. ಸ್ಪ್ಯಾನರು ಹಿಡಿದು ಅಭ್ಯಾಸವಿಲ್ಲ. ಆದರೂ ಆ ಗಾಡಿಯನ್ನು ಮತ್ತೆ ಓಡುವಂತೆ ಮಾಡುವ ಕೆಲಸವು ನಾನು ತರಗತಿಯಲ್ಲಿ ಕಲಿಸುತ್ತಿದ್ದ ಗ್ರಂಥಸಂಪಾದನೆಗೆ ಬಹಳ ಹತ್ತಿರದ್ದೆಂದು ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ.

ಮೊದಲು ಗಾಡಿಯ ಕುಲಗೋತ್ರವನ್ನು ಹೇಳಬೇಕು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲು ತಯಾರಿಸುವ ಹಕ್ಕನ್ನು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಗಾಡಿಗೆ ಹೆಸರಿಟ್ಟ. ಅವನ ನಾಡಿನಲ್ಲಿ ಅದು ಯಾವಾ. ನಮ್ಮ ಬಾಯಲ್ಲಿ ಜಾವಾ. ಆ ಗಾಡಿಯನ್ನು ಇರಾನಿ ಮನೆತನದವರು 1960ರ ಸುಮಾರಿಗೆ ಮೈಸೂರಿಗೆ ತಂದರು. ಅವರ ಐಡಿಯಲ್ ಜಾವಾ ಕಾರ್ಖಾನೆಯಿಂದ 1973ರ ಬಳಿಕ ಹೊರಬಂದ ಗಾಡಿಗಳಿಗೆ ಯೆಜ್ಡಿ ಎಂದು ಹೆಸರಾಯಿತು. ಈ ಹೆಸರಿಗೆ ಎರಡು ಬಗೆಯ ನಿರುಕ್ತಿಯನ್ನು ಹೇಳುತ್ತಾರೆ. ಪಾರಸಿಗಳ ಪುರಾತನ ನೆಲೆಯಾದ ಇರಾನಿನ ಯಜ್ದ್ ನಗರದಿಂದ ಬಂತೆಂಬುದು ಒಂದು. ಚೆಕ್ ಭಾಷೆಯಲ್ಲಿ ಅದೇ ಉಚ್ಚಾರಣೆಯ ಶಬ್ದಕ್ಕೆ ಸವಾರಿ ಮಾಡುತ್ತಾನೆ ಎಂಬ ಅರ್ಥವಿದೆಯೆಂಬುದು ಇನ್ನೊಂದು. ಪಂಡಿತರು ಜಗಳವಾಡಲು ಇಷ್ಟು ಸಾಕು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರನ್ನೂ 2022ರಲ್ಲಿ ಯೆಜ್ಡಿ ಎಂಬ ಹೆಸರನ್ನೂ ಹೊಸದೊಂದು ಸಂಸ್ಥೆ ಮತ್ತೆ ಬಳಕೆಗೆ ತಂದಿತು. ಹೆಸರು ಹಿಂದಿರುಗಿತು, ಆ ಹಳೆಯ ಎಂಜಿನ್ ಹಿಂದಿರುಗಲಿಲ್ಲ.

ಆ ಹಳೆಯ ಎಂಜಿನ್ನಿನ ವಿಶೇಷವೇನು? ಅದು ಟೂ ಸ್ಟ್ರೋಕ್ ಜಾತಿಯದು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಬಾರಿ ಮೇಲೇರಿ ಎರಡು ಬಾರಿ ಕೆಳಗಿಳಿದಾಗ ಒಮ್ಮೆ ಪೆಟ್ರೋಲು ಸಿಡಿಯುತ್ತದೆ. ಇದರಲ್ಲಿ ಒಂದು ಏರಿಕೆ, ಒಂದು ಇಳಿಕೆಗೇ ಒಂದು ಸಿಡಿತ. ಕವಾಟಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು ಅಲ್ಲಿಂದ ಮೇಲೇರುವುದರಿಂದ ಆ ಕೋಣೆಯಲ್ಲಿ ಎಣ್ಣೆ ತುಂಬಿಡುವಂತಿಲ್ಲ. ಆದ್ದರಿಂದಲೇ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಹಳೆಯ ಲೆಕ್ಕದಲ್ಲಿ 25 ಪಾಲಿಗೆ ಒಂದು ಪಾಲು, ಎಂದರೆ ಲೀಟರಿಗೆ 40 ಮಿಲಿಲೀಟರು. ಹಿಂದೆ ಬಿಡುವ ನೀಲಿ ಹೊಗೆ ಈ ಎಣ್ಣೆಯದೇ. ಎಣ್ಣೆ ಬೆರೆಸಲು ಮರೆತಿರೋ, ಪಿಸ್ಟನ್ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ.

ಸಿಲಿಂಡರು ಒಂದೇ ಆದರೂ ಹೊಗೆಯ ಕೊಳವೆಗಳು ಎರಡು. ಕಿಕ್ ಹೊಡೆಯುವ ಕಡ್ಡಿಯೂ ಗೇರು ಬದಲಿಸುವ ಕಡ್ಡಿಯೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ವಸ್ಥಾನಕ್ಕೆ ಬಂದರೆ ಗೇರು. ಸರಪಣಿಗೆ ಪೂರ್ತಿ ಮುಚ್ಚಿಗೆಯಿದ್ದುದರಿಂದ ನಮ್ಮ ಕೆಂಪು ಧೂಳು ಅದಕ್ಕೆ ತಾಗದು. ಮಣ್ಣುದಾರಿಯ ಹಳ್ಳಿಗಳಿಗೆ ಹೋಗುವ ನೌಕರರು ಈ ಗಾಡಿಯನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಜೀರ್ಣೋದ್ಧಾರದ ವಿಚಾರ. ಹಳೆಯ ಗಾಡಿಯ ಮುಂದೆ ನಿಂತವನಿಗೆ ಮೂರು ದಾರಿಗಳಿವೆ. ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೆ ಮಾಡುವುದು ಮೊದಲನೆಯದು. ಇದು ಪ್ರಕ್ಷಿಪ್ತಗಳನ್ನು ತೆಗೆದುಹಾಕಿ ಕವಿಯ ಮೂಲಪಾಠವನ್ನು ಹುಡುಕುವ ಸಂಪಾದಕನ ದಾರಿ. ಇದ್ದದ್ದನ್ನು ಇದ್ದಂತೆ ಕಾಪಾಡಿ, ಓಡಲು ಬೇಕಾದಷ್ಟನ್ನು ಮಾತ್ರ ಸರಿಪಡಿಸುವುದು ಎರಡನೆಯದು. ಓಲೆಯನ್ನು ತಿದ್ದದೆ ಅದಕ್ಕೆ ಎಣ್ಣೆ ಸವರಿ ಉಳಿಸುವವನ ದಾರಿ. ಚಾಸಿಯನ್ನು ಕೊಯ್ದು, ಹಿಡಿ ಎತ್ತರಿಸಿ, ಟ್ಯಾಂಕು ಬದಲಿಸಿ ತನ್ನ ಮನಸ್ಸಿನಂಥ ಗಾಡಿಯನ್ನು ಮಾಡಿಕೊಳ್ಳುವುದು ಮೂರನೆಯದು. ತರುಣರಿಗೆ ಇದು ಪ್ರಿಯ. ಹಳೆಯ ಕಥೆಯನ್ನು ಹೊಸ ಕಾವ್ಯ ಮಾಡಿದಂತೆ. ಅದರಲ್ಲಿ ಪ್ರತಿಭೆಗೆ ಎಡೆಯಿದೆ, ಆದರೆ ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಮತ್ತೆ ಒತ್ತಿ ಹೇಳಿತು. 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ವಾಹನಗಳಿಗೆ 2021ರ ನಿಯಮ ಪ್ರತ್ಯೇಕ ನೋಂದಣಿಯ ಗೌರವ ಕೊಟ್ಟಿದೆ. ಆದರೆ ಅಂಥ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ನನ್ನ ಗಾಡಿಗೆ 2024ರಲ್ಲಿ ಆ ವಯಸ್ಸಾಯಿತು. ಪೇಟೆಗೂ ಹೊಲಕ್ಕೂ ಹೋಗಲಾರದ ಗೌರವ ನನಗೆ ಬೇಡವೆನಿಸಿ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡೆ.

ನಾನು ಆಯ್ದದ್ದು ಮೊದಲನೆಯ ದಾರಿ. ಕೋಲಾರದ ಒಬ್ಬ ವೃದ್ಧ ಮೆಕ್ಯಾನಿಕ್ ಕೆಲಸ ಒಪ್ಪಿಕೊಂಡರು. ತೆಲುಗು, ಕನ್ನಡ, ದಖನಿ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಆಡುವವರು. ಕಚ್ಚಿಕೊಂಡಿದ್ದ ಪಿಸ್ಟನ್ನಿನ ಮೇಲೆ ಡೀಸೆಲು ಸುರಿದು ಒಂದು ವಾರ ಕಾಯಿಸಿದರು, ಸುತ್ತಿಗೆ ಮುಟ್ಟಗೊಡಲಿಲ್ಲ. ಟ್ಯಾಂಕಿನ ತುಕ್ಕಿಗೆ ಹುಣಿಸೆಹುಳಿಯ ನೀರು ತುಂಬಿ, ಒಳಗೆ ಸಣ್ಣ ಜಲ್ಲಿ ಹಾಕಿ ಅಲುಗಿಸಿದರು. ನಮ್ಮ ಮೂಟೆಗಳು ಕೊನೆಗೂ ಉಪಯೋಗಕ್ಕೆ ಬಂದವು. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಟ 75. ಸವೆದ ಸಿಲಿಂಡರನ್ನು ಕಾಲು, ಅರ್ಧ ಮಿಲಿಮೀಟರಿನ ಲೆಕ್ಕದಲ್ಲಿ ಹಿಗ್ಗಿಸಿ ಅಷ್ಟೇ ದೊಡ್ಡ ಪಿಸ್ಟನ್ ಕೂಡಿಸಬೇಕು. ಸಿಕ್ಕದ ಒಂದು ಬುಷ್ಷನ್ನು ಮಾಲೂರಿನ ಲೇತ್ ಅಂಗಡಿಯಲ್ಲಿ ತಿರುವಿಸಿದೆವು. ಮಾಲೂರಿನಿಂದ ಕೋಲಾರಕ್ಕೆ ಮರಳುವ ಹೆದ್ದಾರಿಯ ಬದಿಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆಯಿದೆ. ಹೊಸ ಗಾಡಿಗಳು ಅಲ್ಲಿ ಸಾಲುಸಾಲಾಗಿ ಹೊರಬೀಳುತ್ತವೆ. ನಾನು ಜೇಬಿನಲ್ಲಿ ಒಂದು ಬುಷ್ಷನ್ನು ರತ್ನದಂತೆ ಇಟ್ಟುಕೊಂಡು ಬಂದೆ.

ಹೀಗೆ ಎಲ್ಲವೂ ಸರಿಯಾಗಿ ನಡೆದಿರುವಾಗ ನಾನೊಂದು ತಪ್ಪು ಮಾಡಿದೆ. ಹಿಂಬದಿಯ ಬಲಮಗ್ಗುಲಿಗೆ ಯಾರೋ ಎರಡು ಕಬ್ಬಿಣದ ಬಳೆಗಳನ್ನೂ ಒಂದು ತಟ್ಟೆಯನ್ನೂ ಬೆಸೆದಿದ್ದರು. ಒರಟು ಕೆಲಸ, ಯಾವ ಹಳೆಯ ಚಿತ್ರದಲ್ಲೂ ಅದು ಕಾಣಲಿಲ್ಲ. ಶುದ್ಧ ಪ್ರಕ್ಷಿಪ್ತವೆಂದು ತೀರ್ಮಾನಿಸಿ ಕೊಯ್ದುಹಾಕಲು ಹೇಳಿದೆ. ಮೆಕ್ಯಾನಿಕ್ ಒಮ್ಮೆ ತಡೆದು, "ಯಾವುದಕ್ಕೆ ಹಾಕಿಸಿದ್ದರೋ ಕೇಳಿದ್ದೀರಾ ಮೇಷ್ಟ್ರೇ?" ಎಂದರು. ಕೇಳಲು ಯಾರಿದ್ದಾರೆ ಎಂದೆ. ಕೊಯ್ದ ಗುರುತನ್ನು ಉಜ್ಜಿ ಬಣ್ಣ ಬಳಿದದ್ದಾಯಿತು. ಕಬ್ಬಿಣ ಗುಜರಿಗೆ ಹೋಯಿತು.

ಗಾಡಿ ಸಿದ್ಧವಾದ ಮೇಲೆ ತಾಯಲೂರಿನ ಕಡೆಗೆ ಹೋಗಿದ್ದೆ. ಹುಣಿಸೆಮರದ ಕೆಳಗೆ ಕುಳಿತಿದ್ದ ಮುದುಕರೊಬ್ಬರು ಸದ್ದು ಕೇಳಿಯೇ ಎದ್ದು ಬಂದರು. ಗಾಡಿಯನ್ನು ಒಂದು ಸುತ್ತು ಬಂದು, ಬಲಮಗ್ಗುಲಲ್ಲಿ ನಿಂತು, "ಐಸು ಡಬ್ಬ ಎಲ್ಲಿ?" ಎಂದು ಕೇಳಿದರು. ಆಗ ತಿಳಿಯಿತು. ಆ ಬಳೆಗಳು ಲಸಿಕೆಯ ಫ್ಲಾಸ್ಕನ್ನು ಹಿಡಿಯುತ್ತಿದ್ದವು. ದನಗಳ ದೊಡ್ಡರೋಗದ ಲಸಿಕೆ ತಂಪಿನಲ್ಲಿರದಿದ್ದರೆ ಕೆಡುತ್ತದೆ. ಕಲಸಿದ ಮೇಲಂತೂ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ಆ ರೋಗದ ವಿರುದ್ಧ ನಮ್ಮ ದೇಶದಲ್ಲಿ 1954ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2011ರಲ್ಲಿ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಅಳಿಸಿದ ಎರಡನೆಯ ರೋಗ ಇದೇ. ಆ ದೀರ್ಘ ಕಥೆಯಲ್ಲಿ ಈ ಗಾಡಿಗೆ ಒಂದು ಸಾಲಿನ ಪಾತ್ರವಿತ್ತು. ಆ ಸಾಲನ್ನೇ ನಾನು ಶುದ್ಧಪಾಠದ ಹೆಸರಿನಲ್ಲಿ ಒರೆಸಿಬಿಟ್ಟಿದ್ದೆ.

ಹೊಸ ಬಳೆಗಳನ್ನು ಮಾಡಿಸಬಹುದಲ್ಲ ಎಂದು ಸ್ನೇಹಿತರು ಹೇಳಿದರು. ಮಾಡಿಸಲಿಲ್ಲ. ಈಗ ಹಾಕಿಸಿದರೆ ಅದು ನಿಜವಾದ ಪ್ರಕ್ಷಿಪ್ತವಾಗುತ್ತದೆ. ಅನುಮಾನವಿದ್ದ ಪಾಠವನ್ನು ಅಳಿಸಬಾರದು, ಅಡಿಟಿಪ್ಪಣಿಯಲ್ಲಾದರೂ ಉಳಿಸಬೇಕು ಎಂದು ವಿದ್ಯಾರ್ಥಿಗಳಿಗೆ ಇಪ್ಪತ್ತೆಂಟು ವರ್ಷ ಹೇಳಿದವನು ನಾನು. ಓಲೆಗರಿಯಲ್ಲಿ ಪಾಲಿಸಿದ್ದನ್ನು ಕಬ್ಬಿಣದಲ್ಲಿ ಮರೆತೆ.

ನಿಮ್ಮ ಮನೆಯ ಹಿತ್ತಲಲ್ಲೂ ಇಂಥದೊಂದು ಗಾಡಿ ನಿಂತಿರಬಹುದು. ಅದನ್ನು ಎಬ್ಬಿಸುವ ಮನಸ್ಸಾದರೆ ಮೊದಲು ನಾಲ್ಕೂ ಕಡೆಯಿಂದ ಚಿತ್ರ ತೆಗೆದಿಡಿ. ಚಾಸಿಯ ಮೇಲಿನ ಮತ್ತು ಎಂಜಿನ್ನಿನ ಮೇಲಿನ ಸಂಖ್ಯೆಗಳನ್ನು ನೋಂದಣಿ ಪುಸ್ತಕದೊಡನೆ ತಾಳೆ ನೋಡಿ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇದೆ. ಅದು ನೀರನ್ನು ಹೀರಿ ತುಕ್ಕು ತರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಕೊಳವೆಗಳನ್ನು ಬದಲಿಸಿ, ಬಹುದಿನ ನಿಲ್ಲಿಸುವುದಾದರೆ ಟ್ಯಾಂಕು ಬರಿದುಮಾಡಿ. ಇವೆಲ್ಲಕ್ಕೂ ಮಿಗಿಲಾಗಿ, ಏನನ್ನಾದರೂ ಕೊಯ್ಯುವ ಮೊದಲು ಊರಿನ ಹಿರಿಯರನ್ನು ಒಂದು ಮಾತು ಕೇಳಿ.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಸವಾರರು ಊರೂರುಗಳಲ್ಲಿ ಸೇರುತ್ತಾರೆ. ಒಮ್ಮೆ ನಾನೂ ಹೋಗಿದ್ದೆ. ಯುವಕನೊಬ್ಬ ನನ್ನ ಗಾಡಿಯನ್ನು ನೋಡಿ, ಎಲ್ಲವೂ ಮೂಲದಂತೆಯೇ ಇದೆಯಲ್ಲ ಎಂದು ಹೊಗಳಿದ. ನಾನು ಉಪಕರಣದ ಪೆಟ್ಟಿಗೆಯಿಂದ ಒಂದು ಸಣ್ಣ ನೋಟುಪುಸ್ತಕವನ್ನು ತೆಗೆದು ಅವನ ಕೈಗೆ ಕೊಟ್ಟೆ. ಅದರ ಮೊದಲ ಪುಟದಲ್ಲಿ, ಬಲಮಗ್ಗುಲಲ್ಲಿ ಇಲ್ಲದಿರುವುದರ ವಿವರವಿದೆ.