ಜರಿಗಿಡಗಳ ವಂಶಾಭಿವೃದ್ಧಿ

ಉತ್ತರದ ಜಗಲಿಯ ನೆರಳಿನಲ್ಲಿ ಬಹುಕಾಲ ಬೆಳೆದಿದ್ದ ಹಕ್ಕಿಗೂಡಿನ ಜರಿಗಿಡವನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅದು ಮಲೆನಾಡಿನ ತೋಟದ ಮನೆಯಿಂದ ಬಾಲಿಕೆಯೋರ್ವಳು ತಂದಿತ್ತ ಕಾಣಿಕೆ. ವಿದ್ಯಾರ್ಥಿನಿಲಯಕ್ಕೂ ಒಂದು ಪಾಲಿರಲೆಂದು ನಾವು ಅದನ್ನು ಚೂರಿಯಿಂದ ಎರಡಾಗಿ ಸೀಳಿದೆವು. ತಿಂಗಳೊಳಗೆ ಎರಡು ಪಾಲುಗಳೂ ಕೊಳೆತುಹೋದುವು. ತಪ್ಪು ನಮ್ಮದೇ, ಗಿಡದ ಕಾಂಡವನ್ನು ಪರೀಕ್ಷಿಸದೆ ಕೈಯಿಟ್ಟೆವು.

ಭಾಗಮಾಡಿ ನೆಡುವ ಕ್ರಮವು, ಕಾಂಡವು ಮಣ್ಣಿನಲ್ಲಿ ಹರಿದು ಅಲ್ಲಲ್ಲಿ ಚಿಗುರುವ ಜಾತಿಗಳಿಗೆ ಮಾತ್ರ ಸಲ್ಲುವುದು. ಮಲ್ಲೇಶ್ವರದ ಮನೆಗಳ ಕುಂಡಗಳಲ್ಲಿ ಕಾಣುವ ನೆಫ್ರೋಲೆಪಿಸ್ ಇಂತಹುದು. ಮೃಗಶಿರೆಯ ಮಳೆ ಹಿಡಿದ ಮೇಲೆ, ಪ್ರತಿ ತುಂಡಿಗೂ ಒಂದು ಕುಡಿ, ಕೆಲವು ಎಲೆ, ಸಾಕಷ್ಟು ಬೇರು ಬರುವಂತೆ ಕೊಯ್ದು, ಕುಡಿಯನ್ನು ಹೂಳದೆ ನೆಡತಕ್ಕದ್ದು. ಅಡಿಯಾಂಟಮ್ ಕಾಡೇಟಮ್ ಎಂಬ ಜಾತಿಗೆ ಚೂರಿಯೂ ಬೇಡ. ಅದರ ಎಲೆಯ ತುದಿಯೇ ನೆಲ ಮುಟ್ಟಿ ಬೇರೂರುವುದು. ಆದರೆ ಹಕ್ಕಿಗೂಡಿನ ಜರಿಗೂ, ಪಶ್ಚಿಮಘಟ್ಟದ ಮರಜರಿಗೂ ಸಾಮಾನ್ಯವಾಗಿ ಇರುವುದು ಒಂದೇ ನೆತ್ತಿ. ಎಲೆಗಳೆಲ್ಲವೂ ಅಲ್ಲಿಂದಲೇ ಸುರುಳಿ ಬಿಚ್ಚಿ ಬರುವುವು. ಅದನ್ನು ಸೀಳಿದರೆ ಗಿಡವು ಸತ್ತಂತೆಯೇ. ಇವುಗಳಿಗೆ ಬೀಜಾಣುವೇ ಗತಿ.

ಜರಿಗೆ ಹೂವಿಲ್ಲ, ಬೀಜವಿಲ್ಲ. ಯೂರೋಪಿನ ಹಿಂದಿನ ಜನರು ಅದರ ಬೀಜ ಕಣ್ಣಿಗೆ ಕಾಣದೆಂದೂ, ಅದನ್ನು ಧರಿಸಿದವನೂ ಅದೃಶ್ಯನಾಗುವನೆಂದೂ ನಂಬಿದ್ದರಂತೆ! ನಿಜವೃತ್ತಾಂತವನ್ನು 1851ರಲ್ಲಿ ಜರ್ಮನಿಯ ಹಾಫ್‌ಮೈಸ್ಟರ್ ಪಂಡಿತನು ವಿಶದಪಡಿಸಿದನು. ಎಲೆಯ ಬೆನ್ನಿನ ಕಂದು ಗೆರೆಗಳಿಂದ ಉದುರುವ ಧೂಳಿನ ಕಣವೇ ಬೀಜಾಣು. ಅದು ಮೊಳೆತೊಡನೆ ಜರಿಯಾಗದು. ಕಿರುಬೆರಳ ಉಗುರಿಗಿಂತ ಚಿಕ್ಕದಾದ, ಹೃದಯಾಕಾರದ ಹಸಿರು ಹಾಳೆಯಾಗುವುದು. ಇದರ ಅಡಿಯಲ್ಲಿ ಗಂಡುಕಣವು ನೀರಿನಲ್ಲಿ ಈಜಿ ಹೆಣ್ಣುಕಣವನ್ನು ಸೇರಿದ ಬಳಿಕವೇ ನಿಜವಾದ ಜರಿ ಹುಟ್ಟುವುದು. ನೀರಿನ ತೆಳುಪೊರೆ ಆರಿತೆಂದರೆ ಕಾರ್ಯ ಕೆಟ್ಟಿತು. ಬೆಂಗಳೂರಿನ ಮಾರ್ಚಿ ತಿಂಗಳ ಒಣಗಾಳಿಯಲ್ಲಿ ಇದೇ ಕಷ್ಟ.

ದೈವಕೃಪೆಯಿಂದ, ಸತ್ತ ಗಿಡದ ಎಲೆಯೊಂದನ್ನು ಬಾಲಿಕೆಯೋರ್ವಳು ತನ್ನ ಪ್ರಕೃತಿಪಾಠದ ಪುಸ್ತಕದಲ್ಲಿ ಒತ್ತಿಟ್ಟಿದ್ದಳು. ಹಾಳೆಗಳ ನಡುವೆ ಕಂದು ಧೂಳು ಉದುರಿತ್ತು. ಕಾಗದವನ್ನು ಮೆಲ್ಲನೆ ಓರೆಮಾಡಲು ಹೊಟ್ಟು ಮೊದಲು ಜಾರಿತು. ಬೀಜಾಣುಗಳು ಅಂಟಿಕೊಂಡು ಉಳಿದುವು. ಜರಡಿಯಾಡಿಸಿದ ಎಲೆಗೊಬ್ಬರಕ್ಕೆ ಇಟ್ಟಿಗೆಪುಡಿ ಬೆರೆಸಿ, ಕುಂಡಕ್ಕೆ ತುಂಬಿ, ಪಾಚಿ ಬೂಷ್ಟುಗಳು ಸಾಯಲೆಂದು ಕುದಿಯುವ ನೀರೆರೆದು ಆರಿಸಿದೆವು. ಬೀಜಾಣುಗಳನ್ನು ತೆಳುವಾಗಿ ಉದುರಿಸಿ, ಮಣ್ಣು ಮುಚ್ಚದೆ, ಮೇಲೆ ಗಾಜಿಟ್ಟೆವು. ಬಸವನಗುಡಿಯ ಬಾಲಿಕೆಯರು ಇದಕ್ಕೆ ಲಾಲ್‌ಬಾಗಿನ ಗಾಜಿನ ಮನೆಯೆಂದು ಹೆಸರಿಟ್ಟರು! ಕಾಯಿಸಿ ಆರಿಸಿದ ಮಳೆನೀರನ್ನು ಅಡಿಯ ತಟ್ಟೆಗೆ ಹಾಕಿದೆವು; ಹಸಿರು ಹಾಳೆಗಳು ಬೆಳೆದ ಬಳಿಕ ಮಾತ್ರ ಮೇಲಿನಿಂದ ಸಣ್ಣಗೆ ಚಿಮುಕಿಸಿದೆವು.

ಎರಡನೆಯ ತಿಂಗಳಲ್ಲಿ ಹಸಿರು ಛಾಯೆ ಕಂಡಾಗ ಕೆಲಸದವಳು ಪಾಚಿಯೆಂದು ಬಗೆದು ಚೆಲ್ಲುವುದರಲ್ಲಿದ್ದಳು. ಈಗ ಒಂಬತ್ತು ಸಸಿಗಳಿವೆ; ಎಲೆಗಳು ಬೆರಳುದ್ದವಾಗಿವೆ. ಎರಡು ವಿದ್ಯಾರ್ಥಿನಿಲಯಕ್ಕೆ ಸಲ್ಲುವುವು. ಒಂದನ್ನು, ಮಳೆ ಹಿಡಿದೊಡನೆ, ಮಲೆನಾಡಿನ ಆ ತೋಟದ ಮನೆಗೆ ಕಳುಹಿಸುವೆವು.